ತೊಟ್ಟಿಲ ಖೋಲಿ

ಮೊಟ್ಟೆಯೊಳಗಿನ ಮರಿಗೂ ಕಿವಿ ಕೇಳಿಸುತ್ತದೆ ಎಂದು ಹುಲಿಗೆಮ್ಮನಿಗೆ ತಿಳಿದದ್ದು ಅವಳ ನಲವತ್ತಾರನೇ ವಯಸ್ಸಿನಲ್ಲಿ. ಕೋಳಿಮರಿ ಮಾಡಿಸುವ ಹ್ಯಾಚರಿಯ ಡಾಕ್ಟರ್ ನಿಜಗುಣ ಇಪ್ಪತ್ತನೇ ದಿನದ ಒಂದು ಮೊಟ್ಟೆಯನ್ನು ಅವಳ ಕಿವಿಯ ಹತ್ತಿರ ಹಿಡಿದು, "ಈಗ ನಾಲಿಗಿ ಲೊಚಗುಟ್ರಿ ನೋಡೋಣ" ಅಂದಿದ್ದರು. ಅವಳು ನಾಚಿಕೊಳ್ಳುತ್ತಲೇ ಲೊಚಗುಟ್ಟಿದಳು. ಒಳಗಿನಿಂದ ಟಕ್ ಟಕ್ ಎಂದು ಉತ್ತರ ಬಂತು. ಅವಳು ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದಳು.

"ಹನ್ನೆರಡನೇ ದಿನದಿಂದಾನ ಇದಕ್ಕ ಕೇಳತೈತಿ," ಅಂದರು ನಿಜಗುಣ. "ಕಡೀ ಮೂರು ದಿನ ಒಂದಕ್ಕೊಂದು ಹಿಂಗ ಮಾತಾಡತಾವ. ಅದಕ್ಕ ಎಲ್ಲಾ ಕೂಡಿ ಒಂದ ದಿನ ತತ್ತಿ ಒಡಕೊಂಡು ಬರತಾವ. ಆ ಮೂರು ದಿನದಾಗ ನಾವು ಏನು ಕೇಳಸ್ತೀವೋ ಅದು ಅವುಗಳ ತಲ್ಯಾಗ ಸಾಯೋತನಕ ಇರತೈತಿ."

ಅವರು ಕೇಳಿಸಲು ಹೊರಟಿದ್ದದ್ದು ಇಲಿಮರಿಯ ಅಳು.

ಇಲಿಪಾಷಾಣಕ್ಕೆ ನಿಷೇಧ ಬಿದ್ದು ಆಗ ಮೂರು ವರ್ಷ. ವಿಷ ಅಕ್ಕಿಗೆ ಇಳಿದು, ಹಡಗುಗಟ್ಟಲೆ ಅಕ್ಕಿ ಹೊರದೇಶದ ಬಂದರಿನಿಂದ ಹಾಗೇ ವಾಪಸ್ ಬಂದಿತ್ತು. ಸರ್ಕಾರ ಒಂದೇ ಏಟಿಗೆ ಎಲ್ಲ ಇಲಿಮದ್ದನ್ನೂ ನಿಲ್ಲಿಸಿತು. ಗಂಗಾವತಿ ಸೀಮೆಯ ಅಕ್ಕಿ ಗಿರಣಿಗಳಲ್ಲಿ ಇಲಿಗಳಿಗೆ ಸುಗ್ಗಿಯೋ ಸುಗ್ಗಿ. ಚೀಲ ಎತ್ತಿದರೆ ಇಲಿ, ಹಾಸಿಗೆ ಬಿಡಿಸಿದರೆ ಇಲಿ. ಹುಲಿಗೆಮ್ಮನ ಗಂಡ ಯಮನೂರಪ್ಪ ಗಿರಣಿಯಲ್ಲಿ ಹಮಾಲ. ಇಲಿ ಉಚ್ಚೆ ಹೊಯ್ದ ನೀರಿನಲ್ಲಿ ಬರಿಗಾಲಲ್ಲಿ ನಿಂತು ಚೀಲ ಹೊತ್ತವನಿಗೆ ಇಲಿ ಜ್ವರ ಬಂತು. ಎಂಟೇ ದಿನ. ಕಣ್ಣು ಅರಿಶಿನವಾಗಿ, ಉಚ್ಚೆ ನಿಂತು, ಬಾಯಲ್ಲಿ ನೆತ್ತರು ಕಾರಿಕೊಂಡು ಸತ್ತ. ಅವಳಿದ್ದ ಕ್ಯಾಂಪಿನಲ್ಲಿ, ಅಂದರೆ ಕಾಲುವೆ ಪಕ್ಕದ ಆ ಸಣ್ಣ ಊರಿನಲ್ಲಿ, ಹೊಸ ಹ್ಯಾಚರಿ ಶುರುವಾಗಿ, ಅಲ್ಲಿ ಇಲಿ ಕೊಲ್ಲುವ ಕೋಳಿ ಮಾಡುತ್ತಾರಂತೆ ಎಂದು ಕೇಳಿದಾಗ ಹುಲಿಗೆಮ್ಮ ಪಗಾರ ಎಷ್ಟು ಎಂದು ಕೇಳದೆ ಕೆಲಸಕ್ಕೆ ಸೇರಿದಳು.

ಹ್ಯಾಚರಿಯ ಹೊಟ್ಟೆ ಎಂದರೆ ದೊಡ್ಡ ಕಾವುಕೋಣೆ. ನಡೆದು ಹೋಗುವಷ್ಟು ಉದ್ದದ ಉಕ್ಕಿನ ಕೋಣೆ. ಮುಂದಿನ ಬಾಗಿಲಿನಿಂದ ಮೊಟ್ಟೆಯ ಗಾಡಿಗಳು ಒಳಗೆ, ಹಿಂದಿನ ಬಾಗಿಲಿನಿಂದ ಹದಿನೆಂಟನೇ ದಿನ ಹೊರಗೆ. ಮೂವತ್ತೇಳೂವರೆ ಡಿಗ್ರಿ ಕಾವು, ಹದ ತಪ್ಪದ ತೇವ. ಗಂಟೆಗೊಮ್ಮೆ ತಟ್ಟೆಗಳು ತಾವೇ ವಾಲಿ ಮೊಟ್ಟೆ ಹೊರಳಿಸುತ್ತಿದ್ದವು, ಥೇಟ್ ಕಾವಿಗೆ ಕೂತ ಹ್ಯಾಟೆ ಕೊಕ್ಕಿನಿಂದ ಹೊರಳಿಸಿದ ಹಾಗೆ. ಹದಿನೆಂಟನೇ ದಿನ ಹೊರಳಿಸುವುದು ಬಂದ್. ಆಮೇಲೆ ಅವು ಪಕ್ಕದ ಸಣ್ಣ ಖೋಲಿಗೆ ಬರಬೇಕು. ತೇವ ಇನ್ನಷ್ಟು ಹೆಚ್ಚು, ಮೂರು ದಿನ ಅಲುಗಾಡದೆ ಮಲಗಿ ಒಡೆಯಬೇಕು. ಈ ಸಣ್ಣ ಖೋಲಿ ಹುಲಿಗೆಮ್ಮನ ಪಾಲಿಗೆ ಬಂತು.

ಇಲಿಮರಿಯ ಅಳು ಬಹಳ ಮೇಲಿನ ದನಿ. ಮನುಷ್ಯರಿಗೇ ಕೇಳದು, ಕೋಳಿಗಂತೂ ದೂರದ ಮಾತು. ನಿಜಗುಣ ಅದನ್ನು ನೂರು ಪಟ್ಟು ಕೆಳಗಿಳಿಸಿ ಕೋಳಿಯ ಕಿವಿಗೆ ಎಟುಕುವಂತೆ ಮಾಡಿದ್ದರು. ಗಿರಣಿಗಳಿಗೂ ಅಂಥದೇ ಪೆಟ್ಟಿಗೆ ಕೊಡುವುದು, ಗೋಡೆ ಸಂದಿಯಲ್ಲಿ ಇಲಿ ಕೀಚಿದರೆ ಪೆಟ್ಟಿಗೆ ಅದನ್ನು ಇಳಿಸಿ ಅಲ್ಲೇ ಕೂಗುವುದು, ಕೋಳಿ ಅಲ್ಲಿಗೆ ನುಗ್ಗುವುದು. ಖೋಲಿಯಲ್ಲಿ ಅಳು ಕೇಳಿಸಿದಾಗೆಲ್ಲ ಕಾವು ಕಾಲು ಡಿಗ್ರಿ ಏರಿ ಮರಿಗೆ ಹಿತವಾಗುತ್ತಿತ್ತು. ಮರಿ ಹೊರಬಂದ ಮೇಲೆ ಒಂದು ವಾರ ಅದೇ ಖೋಲಿ, ಅದೇ ಅಳು, ಜೊತೆಗೆ ಬಟ್ಟೆಯಲ್ಲಿ ಸುತ್ತಿದ ಒಂದು ಗಂಟು. ಗಂಟನ್ನು ಕುಕ್ಕಿ ಹರಿದರೆ ಒಳಗೆ ಮಾಂಸ. ಇಷ್ಟೇ ವಿದ್ಯೆ.

ಮೊದಲ ದಿನ ಆ ಅಳು ಕೇಳಿ, ಟಾರ್ಚ್ ಹಿಡಿದು ಮೊಟ್ಟೆ ಪರೀಕ್ಷೆ ಮಾಡುವ ಖಾಜಾಬಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಯಾ ಅಲ್ಲಾ! ಯಾರ ಕೂಸವಾ ಇದು?"

"ಸರ್, ಖರೇನ ಕೂಸು ಅತ್ತಂಗ ಐತಲ್ರಿ," ಅಂದಳು ಹುಲಿಗೆಮ್ಮ.

ನಿಜಗುಣ ನಕ್ಕರು. "ನಮಗ ಹಂಗ ಕೇಳತೈತಿ. ಕೋಳಿ ಕಿವಿಗೆ ಇದಕ್ಕೂ ಅದಕ್ಕೂ ನೂರು ಫರಕು ಗೊತ್ತಾಗತಾವ. ನೀವು ಹೆದರಬ್ಯಾಡ್ರಿ."

ಕೋಳಿಯನ್ನು ಯಾರೂ ಕೇಳಲಿಲ್ಲ. ಖಾಜಾಬಿ ಆ ಖೋಲಿಗೆ ತೊಟ್ಟಿಲ ಖೋಲಿ ಎಂದು ಹೆಸರಿಟ್ಟಳು, ಎಲ್ಲರೂ ಹಾಗೇ ಕರೆಯತೊಡಗಿದರು.

ದಿನಕ್ಕೆ ಎಂಟು ತಾಸು ಕೂಸಿನ ಅಳು ಕೇಳುತ್ತ ನಿಲ್ಲುವುದು ಹೆತ್ತವಳಿಗೆ ಆಗದ ಕೆಲಸ. ಗಾಜಿನ ಆಚೆ ಕಂಪ್ಯೂಟರ್ ಮುಂದೆ ಕೂತ ಡಾಕ್ಟರಿಗೆ ಅದು ಪರದೆಯ ಮೇಲಿನ ಏರಿಳಿತದ ಗೆರೆ. ಹುಲಿಗೆಮ್ಮನಿಗೆ ಅದು ಕೂಸಿನ ಅಳುವೇ. ಮೊಟ್ಟೆ ಜೋಡಿಸುತ್ತ, ತಟ್ಟೆ ಒರೆಸುತ್ತ, ಮಾಂಸದ ಗಂಟು ಕಟ್ಟುತ್ತ, ಗೊತ್ತಿಲ್ಲದೆ ಅವಳ ಬಾಯಿ ತಾನೇ ಹಾಡತೊಡಗಿತು. ಜೋ ಜೋ, ಅಳಬ್ಯಾಡ ನನ ಗಿಣಿಯೆ, ಹೊಲಕ್ಕ ಹೋದವ್ವ ಬರತಾಳ. ಅವಳ ಅವ್ವ ಅವಳಿಗೆ ಹಾಡಿದ್ದು, ಅವಳು ಮಗಳು ಸುವರ್ಣಾಳಿಗೆ ಹಾಡಿದ್ದು. ಅಳು ನಿಂತ ಮೇಲೂ ಹಾಡು ನಡೆದಿರುತ್ತಿತ್ತು. ಏಳು ತಂಡ, ಹನ್ನೆರಡು ಸಾವಿರ ಮರಿ, ಎಲ್ಲವೂ ಅವಳ ಕೈಯಲ್ಲೇ ಒಡೆದವು. ಹಾಡುವುದನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳುವಂಥದು ಅದರಲ್ಲಿ ಏನಿದೆ ಎಂದೇ ತಿಳಿದಿದ್ದಳು.

ಮೊದಲ ತಂಡ ಐದು ತಿಂಗಳಿಗೆ ಬಲಿತಾಗ ನಿಜಗುಣ ಎಲ್ಲರನ್ನೂ ಗಿರಣಿಗೆ ಕರೆದೊಯ್ದು ತೋರಿಸಿದರು. ಹೆಸರಾಂತ ಜಗಳಗಂಟಿ ಜಾತಿಯ ಹುಂಜಗಳು. ಮೊಳಕಾಲೆತ್ತರ, ಹಗ್ಗದಂಥ ಕಾಲು, ಹೆಬ್ಬೆರಳುದ್ದ ಮುಳ್ಳು. ಗೋದಾಮಿನ ಗೋಡೆಗಿಟ್ಟ ಪೆಟ್ಟಿಗೆ ಅತ್ತಿತು. ಇಪ್ಪತ್ತು ಹುಂಜಗಳು ಒಮ್ಮೆಗೇ ಕತ್ತು ನೆಟ್ಟಗೆ ಮಾಡಿದವು. ಆಮೇಲೆ ಕಣ್ಣಿಗೆ ಬಿದ್ದದ್ದು ಧೂಳು, ರೆಕ್ಕೆ, ನೆತ್ತರು. ಚೀಲದ ಸಂದಿಗೆ ಕೊಕ್ಕು ತೂರಿಸಿ ಇಲಿಗಳನ್ನು ಎಳೆದೆಳೆದು ನೆಲಕ್ಕೆ ಬಡಿದವು. ಮೊದಲು ಕಣ್ಣು ಕುಕ್ಕುತ್ತಿದ್ದವು, ಆಮೇಲೆ ಹೊಟ್ಟೆ ಹರಿಯುತ್ತಿದ್ದವು. ಒಂದು ಹೆಗ್ಗಣ ಅರ್ಧ ದೇಹದಲ್ಲೇ ತೆವಳಿ ಹುಲಿಗೆಮ್ಮನ ಕಾಲ ಹತ್ತಿರ ಬಂತು. ಹುಂಜವೊಂದು ಅದರ ಬೆನ್ನು ಮೆಟ್ಟಿ ನಿಂತು ತಲೆಯನ್ನು ಕಿತ್ತಿತು. ಅರ್ಧ ತಾಸಿಗೆ ಆರುನೂರು ಇಲಿ. ಖಾಜಾಬಿ ಹೊರಗೆ ಹೋಗಿ ವಾಂತಿ ಮಾಡಿದಳು. ಹುಲಿಗೆಮ್ಮ ಕಣ್ಣು ಮಿಟುಕಿಸದೆ ನೋಡಿದಳು. ಅವಳಿಗೆ ಯಮನೂರಪ್ಪನ ಹಳದಿ ಕಣ್ಣು ನೆನಪಾಗಿ, ಹೊಟ್ಟೆ ತಣ್ಣಗಾಯಿತು.

ತಂಡದೊಂದಿಗೆ ಒಡೆಯದೆ ಒಂದು ದಿನ ತಡವಾಗಿ ಬಂದ ಮರಿಗಳನ್ನು ಹ್ಯಾಚರಿ ಮಾರುತ್ತಿರಲಿಲ್ಲ. ಖೋಲಿಯ ವಾರ ಕಳೆದ ಮೇಲೆ ಕೆಲಸದವರು ಮನೆಗೆ ಒಯ್ಯಬಹುದಿತ್ತು. ಹಾಗೆ ಕ್ಯಾಂಪಿನ ಮನೆ ಮನೆಯಲ್ಲೂ ಎರಡು ಮೂರು ಹುಂಜ ಬೆಳೆದವು. ಹುಲಿಗೆಮ್ಮನ ಅಂಗಳದಲ್ಲಿ ಐದು. ಆ ವರ್ಷ ಕ್ಯಾಂಪಿನಲ್ಲಿ ಹಸುಗೂಸು ಒಂದೂ ಇರಲಿಲ್ಲ. ಸುವರ್ಣಾ ಬಾಣಂತನಕ್ಕೆ ಬಂದಾಗ ಒಂದೊಂದನ್ನೇ ಕೊಯ್ದು ಸಾರು ಮಾಡಿ ಹಾಕಬೇಕೆಂದು ಅವಳ ಲೆಕ್ಕ. ಸುವರ್ಣಾಳಿಗೆ ಗಂಗಾವತಿಯ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಹೆಣ್ಣುಕೂಸನ್ನು ತೆಗೆದರು. ಹತ್ತು ದಿನ ಅಲ್ಲೇ ಇದ್ದು, ಹನ್ನೊಂದನೇ ದಿನ ಬೆಳಿಗ್ಗೆ ಆಟೋದಲ್ಲಿ ಮನೆಗೆ ಬಂದಳು. ಕೂಸು ನಿದ್ದೆಯಲ್ಲಿತ್ತು. ಹುಲಿಗೆಮ್ಮ ನಿವಾಳಿಸಿ ಒಳಗೆ ಕರೆದುಕೊಂಡು, ಲೋಬಾನದ ಹೊಗೆ ಹಾಕಿ, "ಮಧ್ಯಾಹ್ನ ಊಟಕ್ಕ ಬರ್ತೀನಿ, ಮಲಕೊ" ಎಂದು ಹೇಳಿ ಹ್ಯಾಚರಿಗೆ ಹೋದಳು. ಮನೆಗೂ ಹ್ಯಾಚರಿಗೂ ಮುನ್ನೂರು ಹೆಜ್ಜೆ.

ಹನ್ನೊಂದು ಗಂಟೆಗೆ ಖಾಜಾಬಿ ತೊಟ್ಟಿಲ ಖೋಲಿಗೆ ಓಡಿಬಂದಳು. ತುಟಿ ಬಿಳಿಚಿತ್ತು.

"ಮ್ಯಾಲಿನ ಕ್ಯಾಂಪಿನ ಗಿರಣ್ಯಾಗ ಭತ್ತ ಒಣಗಿಸಾಕಿ ಒಬ್ಬಾಕಿ ಕೂಸಿನ್ನ ಜೋಳಿಗ್ಯಾಗ ಹಾಕಿದ್ಳಂತ. ಅದು ಅತ್ತೈತಿ. ಕೋಳಿ ಬಿದ್ದಾವ ಹುಲಿಗೆವ್ವಾ. ಒಂಬತ್ತು ಕೋಳಿ."

"ಕೂಸು?"

"ಎಲ್ಲೀದು ಕೂಸು! ಜೋಳಿಗಿ ಹರದು ಕೆಳಗ ಬಿದ್ದಾಗ ಅಳೂ ನಿಂತಿತ್ತಂತ. ಅವ್ವನ ಕೈಯಾಗಿನ ಎಲುಬು ಕಾಣತಾವಂತ."

ಗಾಜಿನ ಆಚೆ ನಿಜಗುಣ ಎದ್ದು ನಿಂತಿದ್ದರು. ಅವರ ಕಿವಿಯಲ್ಲೂ ಫೋನ್ ಇತ್ತು. ಪರದೆಯ ಮೇಲೆ ಎರಡು ಗೆರೆ ಒಂದರ ಮೇಲೊಂದು ಕೂತಿದ್ದವು: ಒಂದು ಇಳಿಸಿದ ಇಲಿಯ ಅಳು, ಇನ್ನೊಂದು ಯಾವುದೋ ಹಸುಗೂಸಿನದು. ಎರಡರ ನಡುವೆ ಬೆರಳು ತೂರುವಷ್ಟೂ ಜಾಗವಿರಲಿಲ್ಲ. ಒಂದು ವರ್ಷದ ಹಿಂದೆ ಐದು ನಿಮಿಷದಲ್ಲಿ ನೋಡಬಹುದಾಗಿದ್ದನ್ನು ಆ ಪುಣ್ಯಾತ್ಮ ಈಗ ನೋಡುತ್ತಿದ್ದರು.

"ಮನ್ಯಾಗ ಕೂಸು ಇದ್ದವರಿಗೆ ಹೇಳ್ರಿ," ಅಂದರು ನಿಜಗುಣ. "ಬಾಗಿಲ ಹಾಕ್ಕೋರಿ, ಕೂಸಿನ್ನ ಅಳಾಕ ಬಿಡಬ್ಯಾಡ್ರಿ. ಅಳಲಿಲ್ಲಂದ್ರ ಏನೂ ಆಗಂಗಿಲ್ಲ."

ಹುಲಿಗೆಮ್ಮ ಆಗಲೇ ಮಗಳಿಗೆ ಫೋನ್ ಹಚ್ಚಿದ್ದಳು.

"ಸುವರ್ಣಾ, ಬಾಗಿಲ ಹಾಕು. ಅಗಳಿ ಜಡಿ."

"ಹಾಕೀನಿ ಯವ್ವಾ. ಯಾಕ?"

"ಕೂಸು ಅಳಬಾರದು. ಕೇಳ್ತೇನು? ಹುಂಜ ಮೈಮ್ಯಾಲೆ ಬರತಾವ."

"ಈಗ ಎದ್ದೈತಿ, ಮುಖ ಸಣ್ಣ ಮಾಡಾಕತ್ತೈತಿ..."

"ಎತ್ತಿಕೊ. ಹಾಡು. ನಾ ಹಾಡತಿದ್ದೆ ನೋಡು, ಅದನ್ನ ಹಾಡು. ಫೋನ್ ಇಡಬ್ಯಾಡ, ನಾ ಬಂದೆ."

ಕೈಯಲ್ಲಿ ಮಾಂಸದ ಗಂಟು ಇತ್ತು. ಅದನ್ನು ಇಡಲು, ಫೋನನ್ನು ಜೋರು ದನಿಗೆ ಹಾಕಿ ಮರಿಗಳ ತಟ್ಟೆಯ ಅಂಚಿನ ಮೇಲಿಟ್ಟಳು. ಅಂದು ಒಡೆದ ಮುನ್ನೂರು ಮರಿ ಇನ್ನೂ ಒದ್ದೆ ಮೈಯಲ್ಲಿ ತೂಕಡಿಸುತ್ತಿದ್ದವು. ಫೋನಿನಿಂದ ಸುವರ್ಣಾಳ ಸಣ್ಣ ದನಿ ಬಂತು. ಜೋ ಜೋ, ಅಳಬ್ಯಾಡ ನನ ಗಿಣಿಯೆ...

ಮುನ್ನೂರು ತಲೆ ಒಮ್ಮೆಗೇ ಮೇಲೆದ್ದವು.

ಮರಿಗಳು ಒಂದರ ಮೇಲೊಂದು ಬಿದ್ದು ಫೋನಿನ ಕಡೆ ಹರಿದವು. ನೆಟ್ಟಗೆ ನಿಲ್ಲಲಾರದ ಕಾಲುಗಳಲ್ಲಿ ಉರುಳಿ, ಕೆಳಗಾದವನ್ನು ತುಳಿದು, ಫೋನಿನ ಗಾಜಿನ ಮೇಲೆ ಟಕ ಟಕ ಟಕ ಎಂದು ಕುಕ್ಕತೊಡಗಿದವು. ಅಲ್ಲಿ ಅಳು ಇರಲಿಲ್ಲ. ಹಾಡು ಮಾತ್ರ ಇತ್ತು.

ಒಂದು ವರ್ಷ ತನ್ನ ಬಾಯಿ ಈ ಖೋಲಿಯಲ್ಲಿ ಏನು ಮಾಡಿತ್ತು ಎಂಬುದು ಹುಲಿಗೆಮ್ಮನಿಗೆ ಒಂದು ಉಸಿರಿನಲ್ಲಿ ತಿಳಿಯಿತು. ಹಾಡು ಕೇಳಿದರೆ ಕಾವು ಏರುತ್ತದೆ, ಗಂಟು ಬರುತ್ತದೆ, ಗಂಟಿನೊಳಗೆ ಮಾಂಸ ಇರುತ್ತದೆ ಎಂದು ಅವಳೇ ಕಲಿಸಿದ್ದಳು.

"ಸುವರ್ಣಾ! ಹಾಡಬ್ಯಾಡ! ಬಾಯಿ ಮುಚ್ಚು!"

ಫೋನಿನಲ್ಲಿ ತಗಡು ಧಡಾರೆಂದಿತು. ಮತ್ತೊಂದು ಸಲ. ಆಮೇಲೆ ಸುವರ್ಣಾ ಕಿರುಚಿದಳು.

ಹೊರಡುವ ಮುನ್ನ ಹುಲಿಗೆಮ್ಮ ಗಾಜಿಗೆ ಗುದ್ದಿ ಕೂಗಿದಳು. "ಅವು ನನ್ನ ಹಾಡಿಗೆ ಬರತಾವ್ರಿ! ದೊಡ್ಡ ಖೋಲಿ ಮುಂದಿನ ಬಾಗಿಲ ತಗದು ಅದರ ಹಿಂದ ನಿಲ್ಲರಿ, ಕೋಳಿ ಎಲ್ಲಾ ಒಳಗ ಬಂದ ಮ್ಯಾಲ ಹಾಕ್ರಿ. ಖಾಜಾಬಿ, ನೀ ಹಿಂದಿನ ಬಾಗಿಲಕ ಇರು. ನಾ ತರ್ತೀನಿ ಅವನ್ನ."

ಕ್ಯಾಂಪಿನ ಮನೆಗಳಿಗೆ ಗೋಡೆಗೂ ತಗಡಿಗೂ ನಡುವೆ ಗಾಳಿಗೆಂದು ಮೊಳದಷ್ಟು ಸಂದಿ ಬಿಟ್ಟಿರುತ್ತಾರೆ. ಬಾಗಿಲ ಅಗಳಿ ಏನು ಮಾಡೀತು? ಹುಲಿಗೆಮ್ಮ ಅಂಗಳಕ್ಕೆ ಬಂದಾಗ ಆ ಸಂದಿಯಿಂದ ಮನೆಯ ಐದು ಹುಂಜಗಳಲ್ಲಿ ಕೊನೆಯದು ಒಳಗೆ ತೂರುತ್ತಿತ್ತು. ಅಕ್ಕಪಕ್ಕದ ಅಂಗಳಗಳಿಂದ ಇನ್ನೂ ಇಪ್ಪತ್ತು ಮೂವತ್ತು ಓಡಿಬರುತ್ತಿದ್ದವು. ಕಿಟಕಿಯಲ್ಲಿ ಇಣುಕಿದಳು. ಸುವರ್ಣಾ ಕೂಸನ್ನು ನೆಲಕ್ಕೆ ಮಲಗಿಸಿ, ಮೇಲೆ ಕೋಳಿ ಮುಚ್ಚುವ ಬಿದಿರು ಬುಟ್ಟಿ ಬೋರಲು ಹಾಕಿ, ಬುಟ್ಟಿಯ ಮೇಲೆ ಕವುಚಿ ಬಿದ್ದಿದ್ದಳು. ಬೆನ್ನ ಮೇಲೆ ನಾಲ್ಕು ಹುಂಜ. ಕುಪ್ಪಸ ಚಿಂದಿಯಾಗಿತ್ತು, ಬೆನ್ನು ತುಂಬ ನೆತ್ತರು. ಹೊಟ್ಟೆಯ ಹೊಲಿಗೆ ಬಿಚ್ಚಿ ಬುಟ್ಟಿಯ ಬಿದಿರೆಲ್ಲ ಕೆಂಪಾಗಿತ್ತು. ಐದನೆಯದು ಬುಟ್ಟಿಯ ಕಣ್ಣಿನೊಳಗೆ ಕತ್ತು ತೂರಿಸಿ ಕೂಸಿನ ಹಿಮ್ಮಡಿ ಹಿಡಿದು ಎಳೆಯುತ್ತಿತ್ತು. ಕೂಸು ಕಿರುಚುತ್ತಿತ್ತು.

ಹುಲಿಗೆಮ್ಮ ಕಿಟಕಿಯ ಸರಳು ಹಿಡಿದು ಗಂಟಲು ಹರಿಯುವ ಹಾಗೆ ಹಾಡಿದಳು. "ಜೋ ಜೋ! ಅಳಬ್ಯಾಡ ನನ ಗಿಣಿಯೆ!"

ಕೋಳಿಗಳಿಗೆ ಇದು ಬೇರೆ ದನಿಯಲ್ಲ. ಮೊಟ್ಟೆಯೊಳಗೆ ಕತ್ತಲಲ್ಲಿ ಕೇಳಿದ್ದು ಇದೇ ದನಿ. ಅಳು ಒಂದು ಕಡೆ, ಆ ದನಿ ಒಂದು ಕಡೆ ಎಂದಾದಾಗ ಅವು ದನಿಯ ಕಡೆ ತಿರುಗಿದವು. ಒಂದೊಂದಾಗಿ ಸಂದಿಗೆ ಹಾರಿ ಹೊರಗೆ ಬಿದ್ದವು. ಮೊದಲನೆಯದು ಅವಳ ಮುಖಕ್ಕೇ ಬಂತು.

ಅವಳು ಓಡಿದಳು. ಓಡುತ್ತ ಹಾಡಿದಳು. ಉಸಿರು ಸಿಕ್ಕದೆ ಹಾಡು ನಿಂತ ಕಡೆಯಲ್ಲೆಲ್ಲ ಹಿಂದಿನ ಹುಂಜಗಳು ನಿಂತು, ಕೂಸಿನ ಅಳು ಬರುವ ಮನೆಯ ಕಡೆ ಕತ್ತು ತಿರುಗಿಸುತ್ತಿದ್ದವು. ಆಗ ಅವಳೇ ಎರಡು ಹೆಜ್ಜೆ ಹಿಂದೆ ಬಂದು ಮತ್ತೆ ಹಾಡಬೇಕಾಗುತ್ತಿತ್ತು. ಅವು ಕಾಲಿನ ಮುಳ್ಳಿನಿಂದ ಅವಳ ತೊಡೆ ಸೀಳಿದವು. ಸೀರೆ ಕಾಲಿಗೆ ತೊಡರಿ ಬಿದ್ದಳು. ಬಿದ್ದಲ್ಲೇ ಹಾಡಿದಳು. ಒಂದು ಕೊಕ್ಕು ಎಡಗಣ್ಣಿಗೆ ಇಳಿಯಿತು. ಕೆನ್ನೆಯ ಮೇಲೆ ಬಿಸಿ ನೀರು ಸುರಿದ ಹಾಗಾಯಿತು, ಆ ಕಡೆ ಕತ್ತಲಾಯಿತು. ಕಿವಿ ಹರಿದು ಹೋಯಿತು. ಅವಳು ಒಂದು ಹುಂಜವನ್ನು ಕಾಲು ಹಿಡಿದು ನೆಲಕ್ಕೆ ಅಪ್ಪಳಿಸಿ ಎದ್ದಳು. ಜನ ಮನೆಯ ಬಾಗಿಲಲ್ಲಿ ನಿಂತು ನೋಡಿದರು. ಬೀದಿಯಲ್ಲಿ ನೆತ್ತರಾಗಿ ಜೋಗುಳ ಹಾಡುತ್ತ ಓಡುವ ಹೆಂಗಸಿಗೆ ಯಾರೂ ಹತ್ತಿರ ಬರಲಿಲ್ಲ.

ದೊಡ್ಡ ಕಾವುಕೋಣೆಯ ಮುಂದಿನ ಬಾಗಿಲು ತೆರೆದಿತ್ತು. ಒಳಗೆ ಬೆಚ್ಚನೆ ಕತ್ತಲು, ಫ್ಯಾನಿನ ಗುಯ್ ಸದ್ದು, ಎರಡೂ ಕಡೆ ಮೊಟ್ಟೆಯ ಗಾಡಿ. ಅವಳು ನಡುವಿನ ಸಂದಿಯಲ್ಲಿ ಗೋಡೆ ತಡವುತ್ತ ಹಾಡುತ್ತ ಹೋದಳು. ಹಿಂದೆ ರೆಕ್ಕೆಗಳು ತಟ್ಟೆಗೆ ಬಡಿದು ಮೊಟ್ಟೆಗಳು ಒಡೆದು ಬಿದ್ದವು. ಕಾಲಡಿಯಲ್ಲಿ ಅರ್ಧ ಬೆಳೆದ ಮರಿಗಳು ಮೆತ್ತಗೆ ಜಾರಿದವು. ಮುಂದಿನ ಬಾಗಿಲು ಹಾಕಿದ ಸದ್ದು ಕೇಳಿತು. ಹಿಂದಿನ ಬಾಗಿಲು ಒಂದು ಗೇಣು ತೆರೆಯಿತು. ಖಾಜಾಬಿ ಅವಳ ಜಡೆಗೆ ಕೈ ಹಾಕಿ ಎಳೆದುಕೊಂಡಳು. ಹೆಗಲಿಗೆ ಕಚ್ಚಿಕೊಂಡು ಒಂದು ಹುಂಜ ಜೊತೆಗೇ ಬಂತು. ಖಾಜಾಬಿ ಅದರ ಕತ್ತನ್ನು ಬಾಗಿಲ ಸಂದಿಗೆ ಕೊಟ್ಟು ಬಾಗಿಲು ಹಾಕಿದಳು.

"ಕಾವು ಏರಸ್ರಿ," ಅಂದಳು ಹುಲಿಗೆಮ್ಮ ನೆಲದ ಮೇಲಿಂದ.

ನಿಜಗುಣ ಗುಂಡಿಗಳ ಫಲಕದ ಮುಂದೆ ನಿಂತಿದ್ದರು. "ಒಳಗ ಒಂಬತ್ತು ಸಾವಿರ ತತ್ತಿ ಅದಾವ, ಹುಲಿಗೆಮ್ಮ. ಎಲ್ಲಾ ಜೀವ ಇರೋವು..."

"ನನ್ನ ಮೊಮ್ಮಗಳೂ ಜೀವ ಇರಾಕಿ. ಏರಸ್ರಿ."

ನಿಜಗುಣ ಏರಿಸಿದರು. ಫಲಕದ ಅಂಕಿ ಮೂವತ್ತೇಳೂವರೆ ಬಿಟ್ಟು ನಲವತ್ತಾಯಿತು, ಐವತ್ತಾಯಿತು. ಅಪಾಯದ ಗಂಟೆ ಬಡಿದುಕೊಂಡಿತು. ಖಾಜಾಬಿ ಅದರ ತಂತಿ ಕಿತ್ತಳು. ಅರವತ್ತು. ಒಳಗಿನಿಂದ ಉಕ್ಕಿಗೆ ಮೈ ಅಪ್ಪಳಿಸುವ ಸದ್ದು ಬಂತು. ಬಹಳ ಹೊತ್ತು ಬಂತು. ಜೀವ ತರಲೆಂದು ಮಾಡಿದ ಕೋಣೆ ತನ್ನ ಕೆಲಸವನ್ನು ಅದೇ ನಿಷ್ಠೆಯಿಂದ ತಿರುವು ಮುರುವಾಗಿ ಮಾಡಿತು. ಆಮೇಲೆ ಫ್ಯಾನಿನ ಸದ್ದು ಮಾತ್ರ ಉಳಿಯಿತು.

ಸುವರ್ಣಾ ಬದುಕಿದಳು. ಕೂಸಿನ ಬಲ ಹಿಮ್ಮಡಿಯ ಒಂದು ಚೂರು ಹೋಗಿತ್ತು, ಅಷ್ಟೇ. ಹುಲಿಗೆಮ್ಮನ ಎಡಗಣ್ಣನ್ನು ಆಸ್ಪತ್ರೆಯಲ್ಲಿ ತೆಗೆದರು. ಹೊಲಿಗೆ ಹಾಕಿಸಿಕೊಂಡು ಮಲಗಿದ್ದವಳ ಹತ್ತಿರ ನಿಜಗುಣ ಬಂದು ತಲೆ ತಗ್ಗಿಸಿ ಕೂತರು. ಕೈಯಲ್ಲಿ ಒಂದು ಧ್ವನಿಮುದ್ರಕ ಇತ್ತು.

"ನಲವತ್ತು ಗಿರಣ್ಯಾಗ ಹತ್ತು ಸಾವಿರ ಕೋಳಿ ಅದಾವ. ಹೊಲಕ್ಕೂ ಸೇರ್ಯಾವ, ಹಿಡಿಯಾಕ ಸಿಗವಲ್ವು. ಅಳು ಹಚ್ಚಿದ್ರ ಅರ್ಧ ಬರತಾವ. ನಿಮ್ಮ ದನಿಗೆ ಎಲ್ಲಾ ಬರತಾವ."

ಅವಳು ಗೋಡೆಯ ಕಡೆ ಮುಖ ಮಾಡಿದಳು. ಬೈಯಬೇಕೆಂದುಕೊಂಡಳು. ಮೇಲಿನ ಕ್ಯಾಂಪಿನ ಆ ಜೋಳಿಗೆ ಕಣ್ಣಿಗೆ ಕಟ್ಟಿತು. ಆ ಕೂಸಿನ ಹೆಸರನ್ನೂ ಅವಳು ಕೇಳಿರಲಿಲ್ಲ. ಇನ್ನೂ ಹೆಸರಿಟ್ಟಿರಲೇ ಇಲ್ಲವೋ ಏನೋ. ಅವಳು ಮೆಲ್ಲಗೆ ಎದ್ದು ಕೂತು, ನೀರು ಕುಡಿದು, ಒಂದೇ ಸಲ ಹಾಡಿದಳು. ಮುಗಿದ ಮೇಲೆ, "ಇನ್ನ ಈ ಬಾಯಾಗ ಇದು ಬರಂಗಿಲ್ಲ," ಅಂದಳು.

ತಿಂಗಳು ತುಂಬಿದ ಮೇಲೆ ಕೂಸನ್ನು ತೊಟ್ಟಿಲಿಗೆ ಹಾಕಿದರು. ಕ್ಯಾಂಪಿನ ಹೆಂಗಸರೆಲ್ಲ ಬಂದರು. ಹೊಲಗಳಲ್ಲಿ ಇನ್ನೂ ಕೋಳಿ ಇದ್ದವು, ಆದ್ದರಿಂದ ಯಾರೂ ಹಾಡುವಂತಿರಲಿಲ್ಲ. ಹಗ್ಗ ಹಿಡಿದು ತೂಗುತ್ತ ತುಟಿ ಮಾತ್ರ ಆಡಿಸಿದರು. ಖಾಜಾಬಿಗೆ ಅಳು ಬಂದು ಸೆರಗು ಕಚ್ಚಿಕೊಂಡಳು. ಕೂಸು ಕಣ್ಣು ಬಿಟ್ಟುಕೊಂಡು ಎಲ್ಲರ ಬಾಯಿ ನೋಡಿತು, ನಿದ್ದೆ ಮಾಡಲಿಲ್ಲ. ಸಣ್ಣಗೆ ರಗಳೆ ತೆಗೆಯಿತು.

ಆಗ ಕಾಲುವೆಯಾಚೆ ಗಿರಣಿಯ ಧ್ವನಿವರ್ಧಕ ಗುರುಗುಟ್ಟಿತು. ಹೊಟ್ಟು ಸುಡುವ ಕುಲುಮೆಯ ಬಾಗಿಲು ತೆರೆದು, ಅದರ ಮುಂದೆ ಬಲೆ ಹರಡಿ, ಹಮಾಲರು ಬಡಿಗೆ ಹಿಡಿದು ನಿಂತಿದ್ದರು. ಧ್ವನಿವರ್ಧಕದಿಂದ ಹುಲಿಗೆಮ್ಮನ ದನಿ ಗದ್ದೆಗಳ ಮೇಲೆ ಹಾಯ್ದು ಬಂತು. ಜೋ ಜೋ, ಅಳಬ್ಯಾಡ ನನ ಗಿಣಿಯೆ, ಹೊಲಕ್ಕ ಹೋದವ್ವ ಬರತಾಳ.

ಹೆಂಗಸರು ಓಡಿ ಬಾಗಿಲು, ಕಿಟಕಿ, ತಗಡಿನ ಸಂದಿಗೆ ಬಡಿದ ಹಲಗೆ ಎಲ್ಲ ಭದ್ರ ಮಾಡಿದರು. ದೂರದಲ್ಲಿ ಬಡಿಗೆಯ ಏಟುಗಳು ಕೇಳತೊಡಗಿದವು. ಹುಲಿಗೆಮ್ಮ ಉಳಿದ ಒಂದು ಕಣ್ಣನ್ನೂ ಮುಚ್ಚಿ, ಉಳಿದ ಒಂದು ಕಿವಿಗೆ ಕೈ ಒತ್ತಿಕೊಂಡಳು.

"ಯವ್ವಾ, ಇಲ್ಲಿ ನೋಡು," ಎಂದು ಪಿಸುಗುಟ್ಟಿದಳು ಸುವರ್ಣಾ.

ತೊಟ್ಟಿಲಲ್ಲಿ ಕೂಸು ಅಜ್ಜಿಯ ಹಾಡು ಕೇಳುತ್ತ ನಿದ್ದೆ ಹೋಗಿತ್ತು.